ಕನ್ನಡ ವಿಕಿಸೋರ್ಸ್‌ನಲ್ಲಿ ದಿನಕ್ಕೊಂದು ಪುಟ: ಒಂದು ಸೊನ್ನೆಯ ಕಾಟ

ಹಳೆಯ ಪುಸ್ತಕಗಳನ್ನು ಟೈಪಾದ ಪಠ್ಯವಾಗಿ ಇಡುವ ತಾಣವಾದ ಕನ್ನಡ ವಿಕಿಸೋರ್ಸ್‌ನಲ್ಲಿ ತಿದ್ದಿ ಮುಗಿಸಿದ ಯಾವುದಾದರೂ ಪುಟ ತೆರೆದು 'ಸಂಗೀತ' ಎಂದು ಹುಡುಕಿ. ಪದ ಕಣ್ಣೆದುರಿಗೇ ಇದೆ, ಆದರೂ ಬ್ರೌಸರ್ ಇಲ್ಲ ಎನ್ನುತ್ತಿದೆ ಎಂದರೆ ಅಲ್ಲಿ ಕೂತಿರುವುದು ಅನುಸ್ವಾರವಲ್ಲ, ಅಂಕಿ ಸೊನ್ನೆ. 'ಂ' ಮತ್ತು '೦' ಎರಡಕ್ಕೂ ಯೂನಿಕೋಡ್‌ನಲ್ಲಿ ಬೇರೆ ಬೇರೆ ಸಂಕೇತ. ಬಹುಪಾಲು ಫಾಂಟ್‌ಗಳಲ್ಲಿ ಎರಡೂ ಒಂದೇ ದುಂಡಗೆ ಕಾಣುತ್ತವೆ. ಚಿತ್ರದಿಂದ ಅಕ್ಷರ ತೆಗೆಯುವ ಓಸಿಆರ್‌ಗೂ ಅವು ಒಂದೇ. ಈ ತಾಣದ ಬಗ್ಗೆ ಹೊಸಬರಿಗೆ ಮೊದಲು ಹೇಳಬೇಕಾದ ಮಾತು ಇದು, ಏಕೆಂದರೆ ಪುಟ ಓದಲು ಸರಿಯಾಗಿರುತ್ತದೆ, ಹುಡುಕಲು ಮಾತ್ರ ಸತ್ತಿರುತ್ತದೆ. ಹುಡುಕಿದರೆ ಸಿಗದ ಪಠ್ಯಕ್ಕೂ ಸ್ಕ್ಯಾನ್ ಮಾಡಿದ ಚಿತ್ರಕ್ಕೂ ಏನು ವ್ಯತ್ಯಾಸ?

ತಾಣ ಮಾಡುವುದು ಇಷ್ಟೇ: ಹಕ್ಕುಸ್ವಾಮ್ಯ ಮುಗಿದ ಅಥವಾ ಮುಕ್ತ ಪರವಾನಗಿಯ ಪುಸ್ತಕದ ಚಿತ್ರ ಒಂದು ಕಡೆ, ಟೈಪಾದ ಪಠ್ಯ ಇನ್ನೊಂದು ಕಡೆ, ನಡುವೆ ಎರಡನ್ನೂ ಹೋಲಿಸಿ ತಿದ್ದುವ ನಾವು. ಮೈಸೂರಿನವರಿಗೆ ಇದರಲ್ಲಿ ಸ್ವಲ್ಪ ಹೆಚ್ಚಿನ ಪ್ರೀತಿ ಸಹಜ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗೆ ಬಿಟ್ಟುಕೊಟ್ಟಿದ್ದರಿಂದ ಅದರ ಲೇಖನಗಳು ಇಲ್ಲಿ ಸಿಗುತ್ತವೆ. ಮಾನಸಗಂಗೋತ್ರಿಯ ಕಪಾಟಿನ ತನಕ ಹೋಗದೆ ಅವನ್ನು ಮಂಡ್ಯದ ಹಳ್ಳಿಯಲ್ಲೂ ಓದಬಹುದು.

ಕೆಲಸಕ್ಕೆ ಹಣ ಬೇಕಿಲ್ಲ, ಜಾಹೀರಾತಿನ ಕಾಟವಿಲ್ಲ. 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್ ಸಾಕು. ಮೊಬೈಲ್ ಮಾತ್ರ ಬೇಡ. ಸಣ್ಣ ಪರದೆಯಲ್ಲಿ ಚಿತ್ರ ಮತ್ತು ಪಠ್ಯ ಎರಡನ್ನೂ ಒಟ್ಟಿಗೆ ನೋಡಲಾಗದು. ಟೈಪಿಂಗ್‌ಗೆ ಬೇರೆ ತಂತ್ರಾಂಶ ಹಾಕಿಕೊಳ್ಳಬೇಕಾಗಿಲ್ಲ. ಪಠ್ಯದ ಪೆಟ್ಟಿಗೆಯೊಳಗೆ ಕ್ಲಿಕ್ ಮಾಡಿದರೆ ಮೂಲೆಯಲ್ಲಿ ಕೀಬೋರ್ಡ್ ಗುರುತು ಬರುತ್ತದೆ. ಲಿಪ್ಯಂತರಣ, ಇನ್‌ಸ್ಕ್ರಿಪ್ಟ್, ನುಡಿ ತಂತ್ರಾಂಶ ಬಳಸುವವರಿಗೆ ಪರಿಚಿತವಾದ ಕಗಪ ವಿನ್ಯಾಸ ಎಲ್ಲವೂ ಅಲ್ಲೇ ಇವೆ. ಕಂಟ್ರೋಲ್ ಮತ್ತು 'ಎಂ' ಒಟ್ಟಿಗೆ ಒತ್ತಿದರೆ ಕನ್ನಡ-ಇಂಗ್ಲಿಷ್ ಬದಲಾಗುತ್ತದೆ.

ಸಂಜೆ ಕಾಫಿ ಲೋಟ ಪಕ್ಕಕ್ಕಿಟ್ಟು ಒಂದು ಪುಟ, ಅಷ್ಟೇ. ಅಚ್ಚು ಚೆನ್ನಾಗಿದ್ದರೆ ಇಪ್ಪತ್ತು ನಿಮಿಷ. ಮಸಿ ಹರಡಿದ ಕಪ್ಪು-ಬಿಳುಪು ಸ್ಕ್ಯಾನ್ ಆದರೆ ಮುಕ್ಕಾಲು ಗಂಟೆ. ಮೊದಲು ಚಿತ್ರವನ್ನು ಮೇಲೆ, ಪಠ್ಯವನ್ನು ಕೆಳಗೆ ಬರುವಂತೆ ಜೋಡಿಸಿಕೊಳ್ಳಿ. ಅಕ್ಕಪಕ್ಕ ಇಟ್ಟರೆ ಕಣ್ಣು ಉದ್ದಕ್ಕೂ ಓಡಾಡಿ ಸಾಲು ತಪ್ಪುತ್ತದೆ. ಮೇಲೆ-ಕೆಳಗೆ ಇದ್ದರೆ ಒಂದು ಸಾಲಿನ ಕೆಳಗೇ ಅದರ ಜೋಡಿ ಸಾಲು. ಓಸಿಆರ್ ಗುಂಡಿ ಒತ್ತಿದ ಮೇಲೆ ಬರುವ ಸಾಲು ಮುರಿತಗಳನ್ನು ಕೂಡಲೇ ಕೂಡಿಸಲು ಹೋಗಬೇಡಿ. ಮುದ್ರಿತ ಸಾಲಿಗೆ ಸರಿಯಾಗಿ ಮುರಿದಿದ್ದರೇ ಹೋಲಿಸುವುದು ಸುಲಭ, ಪುಟ ತೋರಿಸುವಾಗ ಅವು ತಾವಾಗಿಯೇ ಸೇರಿಕೊಳ್ಳುತ್ತವೆ. ಪದ್ಯವಾದರೆ ಮಾತ್ರ ಸೇರಬಾರದು, ಅದಕ್ಕೆ 'ಪೊಯೆಮ್' (<poem>) ಟ್ಯಾಗ್ ಹಾಕಬೇಕು. ಎರಡು ಅಂಕಣದ ಪುಟವಾದರೆ ಓಸಿಆರ್ ಒಮ್ಮೊಮ್ಮೆ ಎಡದ ಸಾಲಿಗೆ ಬಲದ ಸಾಲು ಅಂಟಿಸುತ್ತದೆ. ಒಂದೊಂದೇ ಅಂಕಣವನ್ನು ಆಯ್ದು ಓದಿಸಿ. ಕರೆಂಟು ನಂಬುವ ಹಾಗಿಲ್ಲದ ಕಡೆ, ತಿದ್ದುವ ಮೊದಲೇ ಒಮ್ಮೆ 'ತಿದ್ದಿಲ್ಲ' ಎಂಬ ಕೆಂಪು ಹಂತದಲ್ಲಿ ಉಳಿಸಿಡಿ.

ಈಗ ಆ ಸೊನ್ನೆಗೆ ಬರೋಣ. ಸಂಪಾದನೆಯ ಪಟ್ಟಿಯ 'ಸುಧಾರಿತ' ಭಾಗದಲ್ಲಿ ಹುಡುಕಿ-ಬದಲಿಸುವ ಗುರುತಿದೆ. ಅದರಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಷನ್ (ಅಕ್ಷರಗಳ ಮಾದರಿ ಕೊಟ್ಟು ಹುಡುಕುವ) ಆಯ್ಕೆಗೆ ಟಿಕ್ ಹಾಕಿ, ಹುಡುಕುವ ಜಾಗದಲ್ಲಿ ([ಅ-ೌ])೦ ಎಂದೂ ಬದಲಿಸುವ ಜಾಗದಲ್ಲಿ $1ಂ ಎಂದೂ ಕೊಡಿ. ಅಕ್ಷರದ ಮುಂದೆ ಅಂಟಿಕೊಂಡ ಸೊನ್ನೆಗಳೆಲ್ಲ ಅನುಸ್ವಾರವಾಗುತ್ತವೆ. '೧೦', '೧೯೦೫' ಮುಂತಾದವು ಹಾಗೇ ಉಳಿಯುತ್ತವೆ, ಏಕೆಂದರೆ ಅಲ್ಲಿ ಸೊನ್ನೆಯ ಹಿಂದಿರುವುದು ಅಂಕಿ, ಅಕ್ಷರವಲ್ಲ.

ಅರ್ಕಾವತ್ತಿನದು ಇದರ ಅಣ್ಣ. ಅಚ್ಚಿನಲ್ಲಿ ಅದು ಒಂಬತ್ತರ ಹಾಗೆ ಕಾಣುವುದರಿಂದ ಓಸಿಆರ್ 'ಧರ್ಮ'ವನ್ನು 'ಧಮ೯' ಎಂದು ಕೊಡುತ್ತದೆ. ಇದಕ್ಕೂ ([ಕ-ಹ][ಾ-ೌ]?)೯ ಎಂದು ಹುಡುಕಿ ರ್$1 ಎಂದು ಬದಲಿಸಬಹುದು, ಆದರೆ 'ಎಲ್ಲ ಬದಲಿಸಿ' ಒತ್ತಲೇಬಾರದು. 'ಸಾಮಥ್ಯ೯' ಎಂಬಲ್ಲಿ ರೇಫ (ಆ 'ರ್') ಒತ್ತಕ್ಷರ ದಾಟಿ 'ಥ'ದ ಹಿಂದಕ್ಕೆ ಹೋಗಬೇಕು. ಈ ಸೂತ್ರ ಅದನ್ನು 'ಯ'ದ ಹಿಂದೆ ಮಾತ್ರ ಇಟ್ಟು 'ಸಾಮಥ್ರ್ಯ' ಮಾಡಿಬಿಡುತ್ತದೆ. ಹಳೆಯ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸಿದ ಬರಹಗಳಲ್ಲೂ ಇದೇ ರೂಪ ಕಂಡು ಬೇಸರವಾಗಿರಬಹುದು. ಅಲ್ಲೂ ಎಡವುವುದು ಇದೇ ಕಲ್ಲಿಗೆ. ಹೀಗಾಗಿ ಒಂದೊಂದೇ ನೋಡಿ ಬದಲಿಸಿ.

ಇವೆರಡು ಕಳೆದ ಮೇಲೆ ಉಳಿಯುವುದು ಕಣ್ಣಿನ ಕೆಲಸ. 'ಥ' ಮತ್ತು 'ಧ', 'ಬ' ಮತ್ತು 'ಭ', 'ಪ' ಮತ್ತು 'ವ', 'ಷ' ಮತ್ತು 'ಪ'. ಸೀಳು, ಚುಕ್ಕಿ, ತಲೆಕಟ್ಟು ಮಾಸಿದ ಕಡೆಯೆಲ್ಲ ಇವು ಅದಲುಬದಲು. ಹಳಗನ್ನಡವಾದರೆ ಱ ಮತ್ತು ೞ ಕೂಡ ಬರುತ್ತವೆ, ಅವನ್ನು ಕೈಯಿಂದಲೇ ಹಾಕಬೇಕು. ಪದ ಅನುಮಾನವಾದರೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ' ತೆರೆದಿಟ್ಟುಕೊಳ್ಳಿ. 2016ರಲ್ಲಿ ಶುರುವಾದ ಆ ತಾಣದ ನಿಘಂಟುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ. ಆದರೆ ಹಳೆಯ ಕಾಗುಣಿತವನ್ನು ಇಂದಿನದಕ್ಕೆ ತಿದ್ದಬಾರದು. ಪುಸ್ತಕದಲ್ಲಿ ಇರುವುದೇ ಇರಬೇಕು.

ವಿಚಿತ್ರವೆಂದರೆ, ಇಷ್ಟೆಲ್ಲ ಕಾಟದ ಮಧ್ಯೆಯೇ ಈ ತಾಣದ ಸುಖವೂ ಇದೆ. ಅಕ್ಷರ ಅಕ್ಷರವಾಗಿ ನೋಡುವಾಗ ಬಿ.ಎಂ. ಶ್ರೀಯವರ ಗದ್ಯದ ಅಲ್ಪವಿರಾಮ ಎಲ್ಲಿ ಬೀಳುತ್ತದೆ, ಮೈಸೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನ ಅಚ್ಚಿನ ಮೊಳೆಯಲ್ಲಿ 'ಕ್ಷ' ಹೇಗೆ ಬಾಗುತ್ತದೆ ಎಂಬುದೆಲ್ಲ ಕಾಣುತ್ತದೆ. ಬರೀ ಓದಿನಲ್ಲಿ ಇವು ಕೈಗೆ ಸಿಗುವುದಿಲ್ಲ. ಮನರಂಜನೆಗೆಂದು ವಿಡಿಯೋ ಮೇಲೆ ವಿಡಿಯೋ ಸರಿಸುವ ಅರ್ಧ ಗಂಟೆಯ ಜಾಗದಲ್ಲಿ ಇದನ್ನು ಧೈರ್ಯವಾಗಿ ಇಡಬಹುದು.

ಯಾವ ಪುಸ್ತಕ ಹಿಡಿಯಬಹುದು ಎಂಬಲ್ಲಿ ಮಾತ್ರ ಎಚ್ಚರ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. 1946ರಲ್ಲಿ ತೀರಿಕೊಂಡ ಬಿ.ಎಂ. ಶ್ರೀ, ಕೈಲಾಸಂ ಅವರ ಬರಹ 2007ರಿಂದ ಮುಕ್ತ. 1994ರಲ್ಲಿ ತೀರಿಕೊಂಡ ಕುವೆಂಪು ಅವರದು 2055ರವರೆಗೆ ಕಾಯಬೇಕು. ಹಳೆಯ ಕೃತಿಯ ಹೊಸ ಆವೃತ್ತಿಯಾದರೆ ಸಂಪಾದಕರ ಮುನ್ನುಡಿ, ಟಿಪ್ಪಣಿಗಳಿಗೆ ಬೇರೆ ಹಕ್ಕು ಇರಬಹುದು, ಅವನ್ನು ಬಿಟ್ಟುಬಿಡಿ.

ತಿದ್ದಿ ಮುಗಿದರೆ ಪುಟದ ಹಂತ ಹಳದಿ. ಮೂಲೆ ಹರಿದು ಪದ ಕಾಣದಿದ್ದರೆ ಊಹಿಸಿ ತುಂಬದೆ ನೇರಳೆ ಬಣ್ಣದ 'ತೊಂದರೆ ಇದೆ' ಹಂತದಲ್ಲಿ ನಿಲ್ಲಿಸಿ. ಮರುಪರಿಶೀಲನೆಯೂ ಮುಗಿದು ಹಸಿರಾಗಬೇಕಾದರೆ ಎರಡನೆಯ ವ್ಯಕ್ತಿಯೇ ಬೇಕು. ಹಳದಿ ಮಾಡಿದವರಿಗೆ ಆ ಗುಂಡಿ ಸಿಗುವುದಿಲ್ಲ. ನಿಯಮ ಸರಿಯೇ, ಆದರೆ ಕನ್ನಡದಲ್ಲಿ ಕೈಗಳು ಕಡಿಮೆ, ಹಳದಿ ಪುಟಗಳು ಹಳದಿಯಾಗಿಯೇ ಕಾಯುತ್ತವೆ. ಹೊಸ ಪುಸ್ತಕ ಶುರು ಮಾಡುವ ಮೊದಲು ಬೇರೊಬ್ಬರ ಹಳದಿ ಪುಟವೊಂದನ್ನು ತೆಗೆದುಕೊಳ್ಳಿ, ಹತ್ತು ನಿಮಿಷದ ಕೆಲಸ. ಓದಲು ಶುರು ಮಾಡುವ ಮುಂಚೆ ([ಅ-ೌ])೦ ಒಮ್ಮೆ ಹುಡುಕಿ.