ಹಳೇ ಆಲ್ಟೊ ಕ್ಲಚ್ ಕೆಲಸ: 5,900, 3,304, 1,800 – ಯಾವ ಲೇಬರ್ ನ್ಯಾಯ?

ಗಾಡಿ 2010ರ ಮಾರುತಿ ಆಲ್ಟೊ, 796 ಸಿಸಿ, ಲಕ್ಷ ಕಿಲೋಮೀಟರ್ ದಾಟಿದ್ದು. ಫ್ಲೈಓವರ್ ಏರುವಾಗ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ತುಳಿದರೆ ಇಂಜಿನ್ ಅರಚುತ್ತದೆ, ಗಾಡಿ ಮಾತ್ರ ಏರುವುದಿಲ್ಲ. ಕ್ಲಚ್ ಬದಲಿಸಲು ಬೆಂಗಳೂರಿನಲ್ಲಿ ಮೂರು ಕಡೆ ಕೇಳಿದಾಗ ಸಿಕ್ಕ ಲೇಬರ್ ಇದು: ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ತೆರಿಗೆ ಸೇರಿ 5,900 ರೂ., ಎಲ್ಲಾ ಕಂಪನಿ ಕಾರು ನೋಡುವ ಗ್ಯಾರೇಜಿನಲ್ಲಿ ತೆರಿಗೆ ಸೇರಿ 3,304, ರಸ್ತೆ ಬದಿಯ ಮೆಕ್ಯಾನಿಕ್ ಹತ್ತಿರ 1,800. ಮೊದಲನೆಯದು ಸುಲಿಗೆ, ಕೊನೆಯದು ಅಗ್ಗ ಅನ್ನಿಸುತ್ತದೆ. ಬಿಡಿಸಿ ನೋಡಿದರೆ ಎರಡೂ ಪೂರ್ತಿ ನಿಜವಲ್ಲ.

ದರ ಕೇಳುವ ಮುಂಚೆ ಕ್ಲಚ್ ನಿಜಕ್ಕೂ ಹೋಗಿದೆಯಾ ಅಂತ ನೋಡಬೇಕು. ಸಮತಟ್ಟು ಜಾಗದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ಕ್ಲಚ್ ನಿಧಾನವಾಗಿ ಬಿಡಿ. ಇಂಜಿನ್ ಆಫ್ ಆದರೆ ಕ್ಲಚ್ ಪ್ಲೇಟ್ (ಇಂಜಿನ್ ಶಕ್ತಿಯನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ತಟ್ಟೆ) ಇನ್ನೂ ಹಿಡಿಯುತ್ತಿದೆ. ಆರಾಮಾಗಿ ಓಡುತ್ತಲೇ ಇದ್ದರೆ ಜಾರುತ್ತಿದೆ. ಒಂದೇ ಸಲ ಸಾಕು, ಪದೇ ಪದೇ ಮಾಡಿದರೆ ಉಳಿದ ಪ್ಲೇಟೂ ಸುಡುತ್ತದೆ. ಆಲ್ಟೊದ್ದು ಕೇಬಲ್ ಕ್ಲಚ್. ಕೇಬಲ್ ಬಿಗಿಯಾಗಿ ಪೆಡಲ್‌ಗೆ ಫ್ರೀ ಪ್ಲೇ (ಒತ್ತುವ ಶುರುವಿನ ಸಡಿಲ ಆಟ) ಇಲ್ಲದೇ ಹೋದರೂ ಜಾರುತ್ತದೆ, ಅದು ಅಡ್ಜಸ್ಟಿಂಗ್ ನಟ್ ತಿರುಗಿಸುವಷ್ಟರ ಕೆಲಸ. ಪೆಡಲ್ ಒತ್ತಿದಾಗ ಸದ್ದು ಬಂದರೆ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಮೇಲೆ ಅನುಮಾನ. ಬಿಟ್ಟಾಗ ಬಂದು ಒತ್ತಿದಾಗ ನಿಂತರೆ ಗೇರ್‌ಬಾಕ್ಸ್ ಒಳಗಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಇರಬಹುದು. ಅದು ಬೇರೆಯೇ ಕೆಲಸ, ಅದರ ಲೇಬರೂ ಬೇರೆ.

ಕ್ಲಚ್ ಲೇಬರ್ ಅಂದರೆ ಮುಕ್ಕಾಲು ಪಾಲು ಗೇರ್‌ಬಾಕ್ಸ್ ಇಳಿಸಿ ಏರಿಸುವ ಕೂಲಿ. ಬ್ಯಾಟರಿ ಕನೆಕ್ಷನ್ ತೆಗೆದು, ಗೇರ್ ಆಯಿಲ್ ಇಳಿಸಿ, ಬಾಲ್ ಜಾಯಿಂಟ್ ಬಿಡಿಸಿ, ಎರಡೂ ಕಡೆಯ ಆಕ್ಸಿಲ್ (ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ದಂಡ) ಎಳೆದು, ಸ್ಟಾರ್ಟರ್ ಮೋಟರ್, ಕ್ಲಚ್ ಕೇಬಲ್, ಗೇರ್ ಲಿಂಕೇಜ್ ಕಳಚಿ, ಇಂಜಿನ್‌ಗೆ ಆಸರೆ ಕೊಟ್ಟು, ಮೌಂಟಿಂಗ್ ಬಿಚ್ಚಿ ಗೇರ್‌ಬಾಕ್ಸ್ ಕೆಳಗೆ ತರಬೇಕು. ಪ್ಲೇಟ್ ಕೂರಿಸುವುದು ಅರ್ಧ ಗಂಟೆಯ ಮಾತು. ಕೈ ಪಳಗಿದವರಿಗೆ ಲಿಫ್ಟ್ ಇದ್ದರೆ ಸುಮಾರು ನಾಲ್ಕು ಗಂಟೆ, ಜಾಕ್ ಮೇಲಾದರೆ ಐದು. ಗೇರ್‌ಬಾಕ್ಸ್ ಇಳಿಯುವುದು ಒಂದು ಸಲ, ಹಾಗಾಗಿ ಇಳಿಸುವ ಕೂಲಿಯೂ ಬಿಲ್ಲಿನಲ್ಲಿ ಒಂದೇ ಸಲ ಬರಬೇಕು.

ಸರ್ವಿಸ್ ಸೆಂಟರಿನ ಎಸ್ಟಿಮೇಟ್ ಎಡವಿದ್ದು ಇಲ್ಲೇ. ಕ್ಲಚ್ ಓವರ್‌ಹಾಲ್ 3,400, ಫ್ಲೈವೀಲ್ (ಕ್ಲಚ್ ಪ್ಲೇಟ್ ಒತ್ತಿ ಹಿಡಿಯುವ, ಇಂಜಿನ್ ತುದಿಯ ಭಾರದ ಚಕ್ರ) ಕಡೆಯ ಕ್ರ್ಯಾಂಕ್ ಆಯಿಲ್ ಸೀಲ್ (ಇಂಜಿನ್ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) 650, ಆಕ್ಸಿಲ್ ಸೀಲ್ ಎರಡಕ್ಕೆ 700, ಗೇರ್ ಆಯಿಲ್ ಬದಲಿಸಲು 250. ಒಟ್ಟು 5,000, ಅದರ ಮೇಲೆ ಶೇ. 18 ಜಿಎಸ್‌ಟಿ 900. ಕ್ರ್ಯಾಂಕ್ ಸೀಲ್‌ಗೆ ಫ್ಲೈವೀಲ್ ಬಿಚ್ಚಲೇಬೇಕು, ಅದಕ್ಕೆ ಹೆಚ್ಚುವರಿ ಕೇಳಿದ್ದು ಸರಿ. ಆದರೆ ಆಕ್ಸಿಲ್ ಆಗಲೇ ಹೊರಗೆ ಬಂದಿದೆ, ಸೀಲ್ ಕೀಳಲು, ಹೊಡೆಯಲು ಕೆಲವೇ ನಿಮಿಷ. ಆಯಿಲ್ ಇಳಿಸದೆ ಆಕ್ಸಿಲ್ ಎಳೆಯುವಂತೆಯೇ ಇಲ್ಲ, ಅದಕ್ಕೆ ಬೇರೆ ಕೂಲಿ ಯಾಕೆ? ಈ 950 ಹೊಡೆದುಹಾಕಿದರೆ 4,050, ತೆರಿಗೆ ಸೇರಿ 4,779. ಸರ್ವಿಸ್ ಅಡ್ವೈಸರ್ ಹತ್ತಿರ ಮೂಲ ದರಕ್ಕೆ ಚೌಕಾಶಿ ಮಾಡಿ ಪ್ರಯೋಜನವಿಲ್ಲ, ಕಂಪ್ಯೂಟರಿನಲ್ಲಿ ಇರುವ ದರ ಅದು. ಸಾಲುಸಾಲಾಗಿ ಕೇಳಿದರೆ ಇಂಥವನ್ನು ಬಿಡುತ್ತಾರೆ. ವೀಲ್ ಅಲೈನ್‌ಮೆಂಟ್ ಸೇರಿಸಿದ್ದರೆ ಅದನ್ನೂ ಕೇಳಿ: ಟೈ ರಾಡ್ ಉದ್ದ ಬದಲಾಗದೆ, ಸ್ಟ್ರಟ್ ಬೋಲ್ಟ್ ಸಡಿಲಿಸದೆ ಬರೀ ಬಾಲ್ ಜಾಯಿಂಟ್ ಬಿಡಿಸಿದ್ದರೆ ಅದರ ಅಗತ್ಯವಿಲ್ಲ.

ಗ್ಯಾರೇಜಿನವರು ಹೇಳಿದ್ದು ಸೀಲ್, ಆಯಿಲ್ ಎಲ್ಲಾ ಕೆಲಸ ಸೇರಿ 2,800, ತೆರಿಗೆ 504. ನಾಲ್ಕು ಗಂಟೆಗೆ ಹಂಚಿದರೆ ಗಂಟೆಗೆ 700. ಸರ್ವಿಸ್ ಸೆಂಟರಿನ ಮೂಲ ಎಸ್ಟಿಮೇಟ್ ತೆರಿಗೆಗೆ ಮುಂಚೆಯೇ ಗಂಟೆಗೆ 1,250 ಆಗುತ್ತದೆ. ಫ್ಲೈವೀಲ್ ಲೇತ್‌ಗೆ ಕೊಟ್ಟು ಫೇಸಿಂಗ್ ಮಾಡಿಸಲು (ಮೇಲ್ಮೈ ಹೆರೆದು ಸಮ ಮಾಡಿಸಲು) ಇವರು ಬೇರೆ 600 ಬರೆದಿದ್ದರು. ಇದನ್ನು ಕಣ್ಣು ಮುಚ್ಚಿ ಒಪ್ಪಬೇಕಿಲ್ಲ, ಕಣ್ಣು ಮುಚ್ಚಿ ತಳ್ಳಿಹಾಕುವುದೂ ಬೇಡ. ಉಗುರು ಆಡಿಸಿದಾಗ ಗೀರು ತಾಗಿದರೆ, ಸುಟ್ಟ ನೀಲಿ ಕಲೆ ಕಂಡರೆ ಫೇಸಿಂಗ್ ಬೇಕು. ಮಾಡಿಸದಿದ್ದರೆ ಹೊಸ ಪ್ಲೇಟ್ ಹಿಡಿಯುವಾಗ ಗಾಡಿ ನಡುಗಬಹುದು. ನುಣುಪಾಗಿದ್ದರೆ ಎಮರಿ ಪೇಪರ್ ಸಾಕು. ಕೂದಲೆಳೆ ಬಿರುಕು ಆಳವಾಗಿದ್ದರೆ ಮಾತ್ರ ಫ್ಲೈವೀಲನ್ನೇ ಬದಲಿಸುವ ಮಾತು. ಗೇರ್‌ಬಾಕ್ಸ್ ಇಳಿಸಿದ ಮೇಲೆ ಫೋಟೊ ಕಳಿಸಿ ಅಂದರೆ ಒಳ್ಳೆಯ ಗ್ಯಾರೇಜ್ ಕಳಿಸುತ್ತದೆ.

ರಸ್ತೆ ಬದಿಯ 1,800ರಲ್ಲಿ ಎರಡು ಗುಟ್ಟು. ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಅವರೇ ತರುವುದಾದರೆ, ಡಬ್ಬಿಯ ಮೇಲಿನ ಎಂಆರ್‌ಪಿಗಿಂತ 900 ಹೆಚ್ಚು. ಅಂದರೆ ನಿಜವಾದ ಲೇಬರ್ 2,700. ಇನ್ನೊಂದು, ಕ್ರ್ಯಾಂಕ್ ಸೀಲ್ ಲೆಕ್ಕದಲ್ಲೇ ಇಲ್ಲ. ಹಳೇ ಇಂಜಿನ್‌ನಲ್ಲಿ ಆ ರಬ್ಬರ್ ಗಟ್ಟಿಯಾಗಿ ಎಣ್ಣೆ ಬಿಡುತ್ತಿದ್ದರೆ ಹೊಸ ಪ್ಲೇಟ್ ನೆನೆದು ಮತ್ತೆ ಜಾರುತ್ತದೆ. ಆಗ ಮತ್ತೆ ಗೇರ್‌ಬಾಕ್ಸ್ ಇಳಿಸಬೇಕು, ಮತ್ತೆ 1,800. ಪಾರ್ಟ್ಸ್‌ನ್ನು ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ನಾವೇ ಬಿಲ್ ಸಮೇತ ತಂದುಕೊಟ್ಟು, ಸೀಲನ್ನೂ ಸೇರಿಸಿದರೆ ಅದೇ ಮೆಕ್ಯಾನಿಕ್ ಕೇಳಿದ್ದು 2,300. ಜಾಸ್ತಿ ಮಾಡಿಬಿಟ್ಟರು ಅನ್ನುವಂತಿಲ್ಲ. ಪಾರ್ಟ್ಸ್ ಮೇಲಿನ ಲಾಭ ಹೋಯಿತಲ್ಲ. ಪಾರ್ಟ್ ಕೈಕೊಟ್ಟರೆ ಮಾತ್ರ ಅಂಗಡಿಯವರ ಹತ್ತಿರ ನಾವೇ ಓಡಬೇಕು.

ಈ ಆಲ್ಟೊಗೆ ಗ್ಯಾರೇಜಿನ ದರವೇ ಒಪ್ಪುವಂಥದ್ದು. ಪಾರ್ಟ್ಸ್ ಗುರುತಿಸಿ ತರಬಲ್ಲವರಿಗೆ, ಪಕ್ಕದಲ್ಲಿ ನಿಂತು ಕೆಲಸ ನೋಡಬಲ್ಲವರಿಗೆ ರಸ್ತೆ ಬದಿಯ 2,300 ಇನ್ನೂ ಲೇಸು. ಹದಿನೈದು ವರ್ಷದ ಗಾಡಿಗೆ ತಿದ್ದಿದ 4,779 ಕೂಡ ನನ್ನ ಪ್ರಕಾರ ಭಾರವೇ.

ತೆರಿಗೆಯಲ್ಲೂ ಒಂದು ಕಣ್ಣಿಡಿ. ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇಲ್ಲದವರು ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಬಿಡಿಭಾಗಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18, ಹಳೇ ಶೇ. 28 ಹಾಕಿದ ಎಸ್ಟಿಮೇಟ್ ಬಂದರೆ ವಾಪಸ್ ಕೊಡಿ.

ಹಳೇ ಗಾಡಿ ಅಂತ ಮೇಲೆ ಕೇಳುವ ದುಡ್ಡಿಗೆ ಒಂದು ಕಾರಣವಂತೂ ನಿಜ: ತುಕ್ಕು. ಮಂಗಳೂರು, ಉಡುಪಿ ಕಡೆ ಓಡಿದ ಗಾಡಿಯಲ್ಲಿ ಬಾಲ್ ಜಾಯಿಂಟ್ ಬೋಲ್ಟ್ ಕಚ್ಚಿಕೊಂಡು ಗ್ಯಾಸ್ ಹಚ್ಚಿ ಬಿಸಿ ಮಾಡಬೇಕಾಗುತ್ತದೆ. ಬೋಲ್ಟ್ ಮುರಿದರೆ ಎಷ್ಟು ಅಂತ ಮುಂಚೆಯೇ ಮಾತಾಡಿ, ಜಾಬ್ ಕಾರ್ಡಿನಲ್ಲಿ ಬರೆಸಿ.

ಗಾಡಿ ತೆಗೆದುಕೊಳ್ಳುವಾಗ ಹಳೇ ಪ್ಲೇಟ್ ಕೇಳಿ ಇಸಿದುಕೊಳ್ಳಿ. ರಿವೆಟ್ ತನಕ ಸವೆದಿದ್ದರೆ ಆಯುಸ್ಸು ಮುಗಿದಿತ್ತು. ದಪ್ಪ ಹಾಗೇ ಇದ್ದು ಎಣ್ಣೆಯಲ್ಲಿ ನೆಂದಿದ್ದರೆ, ಕಿತ್ತ ಹಳೇ ಕ್ರ್ಯಾಂಕ್ ಸೀಲನ್ನೂ ತೋರಿಸಿ ಅನ್ನಿ.