ಮಳೆ ಮತ್ತು ಉಬ್ಬರದ ಮಾಹಿತಿ ಸೇವೆ: ಒಂದು ಮಳೆಗಾಲದ ಬಳಕೆಯ ನಂತರ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಬಳಗದ ಜಾಲತಾಣದಲ್ಲಿ ಮಳೆಯ ಪ್ರಮಾಣವನ್ನೂ ಉಬ್ಬರದ ವೇಳೆಯನ್ನೂ ತೋರಿಸಲು ಖಾಸಗಿ ಮಾಹಿತಿ ಸೇವೆಯೊಂದಕ್ಕೆ ಕಳೆದ ಜೂನ್‌ನಲ್ಲಿ ಚಂದಾ ಕಟ್ಟಿದೆವು. ಮುಂಬಯಿಯಲ್ಲಿ ಜೋರು ಮಳೆಯೂ ದೊಡ್ಡ ಉಬ್ಬರವೂ ಒಟ್ಟಿಗೆ ಬಂದರೆ ಚರಂಡಿಯ ನೀರು ಕಡಲಿಗೆ ಇಳಿಯದೆ ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್ ಕಡೆ ನಿಂತುಬಿಡುವುದರಿಂದ, ಮಾಟುಂಗಾದ ಕಾರ್ಯಕ್ರಮಗಳಿಗೆ ಹೊರಡುವ ನಮ್ಮ ಹಿರಿಯರಿಗೆ ಈ ಎರಡೂ ಬೇಕೇ ಬೇಕು.

ಅಳವಡಿಕೆ ಅರ್ಧ ಗಂಟೆಯಲ್ಲಿ ಮುಗಿಯಿತು. ಬೇರೆ ಡೊಮೇನ್‌ನ, ಅಂದರೆ ಬೇರೆ ಜಾಲವಿಳಾಸದ, ಮಾಹಿತಿಯನ್ನು ನಮ್ಮ ಪುಟ ನೇರವಾಗಿ ಓದದಂತೆ ಬ್ರೌಸರ್ ತಡೆಯುತ್ತದೆಯಾದರೂ, ಹೊರಗಿನ ಪ್ರೋಗ್ರಾಂ ಸಾಲುಗಳನ್ನು ಪುಟಕ್ಕೆ ತಂದು ನಡೆಸುವ ಸ್ಕ್ರಿಪ್ಟ್ ಟ್ಯಾಗ್‌ಗೆ ಆ ತಡೆಯಿಲ್ಲ. 2005ರಲ್ಲಿ ಬಾಬ್ ಇಪ್ಪೊಲಿಟೊ ಮುಂದಿಟ್ಟ ಜೇಸನ್‌ಪಿ ವಿಧಾನ ನಿಂತಿರುವುದು ಇದರ ಮೇಲೆಯೇ. ಸೇವೆಯ ವಿಳಾಸದ ಕೊನೆಗೆ ನಮ್ಮ ಫಂಕ್ಷನ್‌ನ (ಬಂದ ಅಂಕಿಗಳನ್ನು ಪುಟದಲ್ಲಿ ತೋರಿಸುವ ಪ್ರೋಗ್ರಾಂ ತುಣುಕಿನ) ಹೆಸರನ್ನು ಸೇರಿಸಿ ಕಳಿಸಿದರೆ, ‘maleTorisu’ ಎಂದು ಕರೆದು ಆವರಣದೊಳಗೆ ಅಂಕಿಗಳನ್ನು ತುಂಬಿದ ಒಂದು ಸಾಲು ಮರಳಿ ಬರುತ್ತದೆ, ಬಂದೊಡನೆ ಅದು ನಮ್ಮ ಪುಟದಲ್ಲಿ ನಡೆಯುತ್ತದೆ. ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳನ್ನಷ್ಟೇ ಈ ಸೇವೆ ಒಪ್ಪುತ್ತದೆ. ಕನ್ನಡದ ಹೆಸರುಗಳೂ ಬ್ರೌಸರ್‌ನ ಪ್ರೋಗ್ರಾಂ ಭಾಷೆಯಾದ ಜಾವಾಸ್ಕ್ರಿಪ್ಟ್‌ಗೆ ಸಲ್ಲುತ್ತವೆ, ಆದರೂ ಈ ಕಟ್ಟುನಿಟ್ಟು ಒಳ್ಳೆಯದೇ, ಏಕೆಂದರೆ ಹೆಸರಿನ ಜಾಗದಲ್ಲಿ ಬಂದದ್ದನ್ನೆಲ್ಲ ಹಾಗೆಯೇ ಹಿಂದಿರುಗಿಸುವ ಸರ್ವರ್‌ಗಳು ದಾಳಿಗೆ ಸಿಕ್ಕಿದ್ದುಂಟು.

ಬೇಸರವಾದದ್ದು ಜುಲೈ ತಿಂಗಳ ಒಂದು ಭಾನುವಾರ. ಸೇವೆಯ ಸರ್ವರ್ ಕೆಟ್ಟಿತ್ತು, ಆದರೆ ದೋಷ ಸಂಕೇತದ ಬದಲು 200 ಎಂಬ ಯಶಸ್ಸಿನ ಸಂಕೇತದೊಂದಿಗೆ ಎಚ್‌ಟಿಎಂಎಲ್ ಪುಟವೊಂದನ್ನು ಕಳಿಸುತ್ತಿತ್ತು. ಕಡತ ಬಂದಿದೆಯೆಂದೇ ಬ್ರೌಸರ್ ಎಣಿಸಿದ್ದರಿಂದ ಕಡತ ಬಾರದಿದ್ದಾಗ ಎಚ್ಚರಿಸುವ, ಟ್ಯಾಗ್‌ನ ಆನ್‌ಎರರ್ ಕೆಲಸ ಮಾಡಲಿಲ್ಲ, ನಮ್ಮ ಫಂಕ್ಷನ್‌ಗೆ ಕರೆಯೂ ಬರಲಿಲ್ಲ. ಪುಟದಲ್ಲಿ ‘ಮಾಹಿತಿ ಬರುತ್ತಿದೆ’ ಎಂಬ ಸಾಲು ಮಧ್ಯಾಹ್ನದವರೆಗೂ ಹಾಗೆಯೇ ಉಳಿಯಿತು. ಅದನ್ನೇ ನೋಡುತ್ತ ಕಾದ ಹಿರಿಯರೊಬ್ಬರು ಕೊನೆಗೆ ಹೊರಟು, ದಾದರ್‌ನಲ್ಲಿ ಎರಡು ಗಂಟೆ ಸಿಕ್ಕಿಬಿದ್ದರು. ಎಂಟು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ‘ಮಾಹಿತಿ ಇಲ್ಲ’ ಎಂದು ತೋರಿಸುವ ಟೈಮರನ್ನು ಅಂದೇ ಸಂಜೆ ನಾನು ಸೇರಿಸಿದೆ. ಮೊದಲೇ ಸೇರಿಸಬೇಕಿತ್ತು.

ನನ್ನ ಮುಖ್ಯ ಆಕ್ಷೇಪ ಬೇರೆಯೇ ಇದೆ. ಈ ವಿಧಾನದಲ್ಲಿ ನಾವು ಒಳಗೆ ಬಿಟ್ಟುಕೊಳ್ಳುವುದು ಬರಿಯ ಅಂಕಿಗಳನ್ನಲ್ಲ, ಪರರ ಸ್ಕ್ರಿಪ್ಟನ್ನೇ. ಅವರ ಸರ್ವರ್‌ಗೆ ಯಾರಾದರೂ ನುಗ್ಗಿದರೆ ನಮ್ಮ ಸದಸ್ಯರ ಲಾಗಿನ್ ಪುಟವೂ ನುಗ್ಗಿದವರ ಕೈಗೆ ಸಿಗುತ್ತದೆ. ತನ್ನ ಮಾಹಿತಿಯನ್ನು ಯಾವ ಡೊಮೇನ್ ಓದಬಹುದೆಂದು ಸರ್ವರೇ ಬ್ರೌಸರ್‌ಗೆ ತಿಳಿಸುವ ಕಾರ್ಸ್ ವಿಧಾನ 2014ರಲ್ಲೇ ವೆಬ್ ಮಾನದಂಡಗಳ ಸಂಸ್ಥೆಯಾದ ಡಬ್ಲ್ಯೂ3ಸಿಯ ಶಿಫಾರಸಾಗಿರುವಾಗ, ಹಣ ಪಡೆಯುವ ಸೇವೆಯೊಂದು ಉತ್ತರದ ತಲೆಬರಹದಲ್ಲಿ (ಹೆಡರ್‌ನಲ್ಲಿ) ನಮ್ಮ ಡೊಮೇನ್‌ಗೆ ಅನುಮತಿ ಕೊಡುವ ಒಂದು ಸಾಲನ್ನು ಸೇರಿಸದಿರುವುದು ಸರಿಯಲ್ಲ.

ಅಂಕಿಗಳು ನಂಬುವಂತಿವೆ, ಬೆಲೆಯೂ ಹೆಚ್ಚಲ್ಲ; ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಲಾಗಿನ್ ಪುಟದಿಂದ ಇದನ್ನು ತೆಗೆದಿದ್ದೇವೆ, ಕಾರ್ಸ್ ಬೇಕೆಂದು ಅವರಿಗೆ ಬರೆದಿದ್ದೇವೆ. ಅದು ಬಂದರೆ ಮಾತ್ರ ಮುಂದಿನ ವರ್ಷದ ಚಂದಾ.