ಅನ್‌ಇನ್‌ಸ್ಟಾಲ್ ಆಗದೆ ಉಳಿದ ಹಾರರ್ ಗೇಮ್‌ಗಳು

ಮೊದಲ ಒಂದು ಗಂಟೆ ಹೆದರಿಸುವುದು ಯಾವ ಹಾರರ್ ಗೇಮ್‌ಗೂ ಕಷ್ಟ ಅಲ್ಲ. ಒಂದು ಕತ್ತಲೆ ಕಾರಿಡಾರ್ ಇಟ್ಟು, ಎಲ್ಲೋ ಒಂದು ಬಾಗಿಲು ಕಿರ್ರ್ ಅನ್ನಿಸಿದರೆ ಮುಗೀತು. ಅದರ ಬಂಡವಾಳ ಗೊತ್ತಾಗುವುದು ಐದಾರು ಗಂಟೆ ಆದ ಮೇಲೆ. ಅಷ್ಟು ಹೊತ್ತಿಗೆ ದೆವ್ವದ ಮುಖ ಪರಿಚಯ ಆಗಿರುತ್ತದೆ, ಯಾವ ಮೂಲೆಯಿಂದ ಬರುತ್ತದೆ ಅಂತಲೂ ಗೊತ್ತಿರುತ್ತದೆ. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕಾಣುವ ಎಷ್ಟೋ ಹೊಗಳಿಕೆ ಆ ಮೊದಲ ಗಂಟೆಯದ್ದು. ಆಮೇಲಿನ ಕಥೆ ಹೇಳುವವರು ಕಡಿಮೆ. ಇಲ್ಲಿ ಹೇಳುವ ಗೇಮ್‌ಗಳೆಲ್ಲ ನಾನು ದುಡ್ಡು ಕೊಟ್ಟು ಕೊಂಡವು. ಕೆಲವನ್ನು ವರ್ಷಗಟ್ಟಲೆ ಬಿಟ್ಟೂ ಬಿಡದೆ ಆಡಿದ್ದೇನೆ. ಎಲ್ಲವೂ ಸಣ್ಣ ತಂಡಗಳ ಕೆಲಸ, ದೊಡ್ಡ ಜಾಹೀರಾತು ಇಲ್ಲದವು.

ನನ್ನ ಮಿಷಿನ್ ಬಗ್ಗೆ ಎರಡು ಮಾತು. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಪಾರ್ಟ್ಸ್ ತಂದು ಜೋಡಿಸಿದ ಹಳೇ ಡೆಸ್ಕ್‌ಟಾಪ್, ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡ್. ಹನುಮಂತನಗರದಲ್ಲಿ ಬಾಡಿಗೆ ಮನೆ, ಗೋಡೆ ಆಚೆ ಓನರ್ ಕುಟುಂಬ. ಹಾಗಾಗಿ ಹೆಡ್‌ಫೋನ್ ಕಡ್ಡಾಯ. ಒಳ್ಳೆಯ ವಿಷಯ ಏನಂದರೆ, ಈ ಗೇಮ್‌ಗಳು ಯಾವುವೂ ಹೊಸ ಕಾರ್ಡ್ ಕೇಳುವುದಿಲ್ಲ, ಹಾರ್ಡ್ ಡಿಸ್ಕ್ ತುಂಬಿಸುವುದೂ ಇಲ್ಲ.

ಮೊದಲಿಗೆ ಡಾರ್ಕ್‌ವುಡ್. ಪೋಲೆಂಡಿನ ಆ್ಯಸಿಡ್ ವಿಝರ್ಡ್ ಸ್ಟುಡಿಯೋ ಎಂಬ ಪುಟ್ಟ ತಂಡ ಮಾಡಿದ್ದು, 2017ರ ಆಗಸ್ಟ್‌ನಲ್ಲಿ ಪೂರ್ತಿಯಾಗಿ ಬಂತು. ಇದನ್ನು ಮೇಲಿಂದ ಕೆಳಗೆ ನೋಡುತ್ತಾ ಆಡಬೇಕು. ಅದನ್ನು ಕೇಳಿದ ತಕ್ಷಣ ಅರ್ಧ ಜನ ಮುಖ ತಿರುಗಿಸುತ್ತಾರೆ. ಮೇಲಿಂದ ಎಲ್ಲಾ ಕಾಣುತ್ತಲ್ಲ, ಇನ್ನೇನು ಭಯ ಅಂತ. ಆದರೆ ಎಲ್ಲಾ ಕಾಣುವುದಿಲ್ಲ. ನಿಮ್ಮ ಪಾತ್ರ ಯಾವ ಕಡೆ ಮುಖ ಮಾಡಿದೆಯೋ ಆ ಕಡೆಯ ಒಂದು ತುಂಡು ಜಾಗದಲ್ಲಿ ಮಾತ್ರ ಓಡಾಡುವ ಜೀವಗಳು ಕಾಣುತ್ತವೆ. ಬೆನ್ನ ಹಿಂದೆ ನಡೆಯುವುದು ಕಿವಿಗೆ ಮಾತ್ರ ಗೊತ್ತಾಗುವುದು.

ಹಗಲು ಕಾಡಲ್ಲಿ ಸುತ್ತಿ ಹಲಗೆ, ಮೊಳೆ, ಪೆಟ್ರೋಲ್, ಬಟ್ಟೆ ಚೂರು ಆರಿಸಿಕೊಂಡು ಬರಬೇಕು. ಕತ್ತಲಾಗುವ ಮುಂಚೆ ಮನೆ ಸೇರಬೇಕು. ಜನರೇಟರ್‌ಗೆ ಪೆಟ್ರೋಲ್ ಹಾಕಬೇಕು, ಕಿಟಕಿಗೆ ಹಲಗೆ ಹೊಡೆಯಬೇಕು, ಬೀರು ತಳ್ಳಿ ಬಾಗಿಲಿಗೆ ಅಡ್ಡ ಇಡಬೇಕು. ಆಮೇಲೆ ಬೆಳಗಾಗುವವರೆಗೆ ಕಾಯುವುದು, ಅಷ್ಟೇ. ಆ ಕಾಯುವಿಕೆಯೇ ಗೇಮ್. ದೂರದಲ್ಲಿ ಏನೋ ಎಳೆದ ಸದ್ದು. ಆಮೇಲೆ ಹಲಗೆ ಮುರಿದ ಸದ್ದು, ಅದು ಪಕ್ಕದ ಕೋಣೆಯಿಂದ. ದೀಪ ಮಿಣುಕುತ್ತದೆ. ಅಡ್ಡ ಇಟ್ಟ ಬೀರು ಇನ್ನೂ ಅಲ್ಲೇ ಇದೆಯಾ ಅಂತ ನೋಡಲು ಆ ಕಡೆ ತಿರುಗಬೇಕು, ತಿರುಗಿದರೆ ಈ ಕಡೆಯ ಕಿಟಕಿ ಕಾಣುವುದಿಲ್ಲ. ಅಲ್ಲಿ ಏನೂ ಬರದೇ ಇರಬಹುದು. ಎಷ್ಟೋ ರಾತ್ರಿ ಏನೂ ಬರುವುದೇ ಇಲ್ಲ. ಆದರೂ ಮೌಸ್ ಹಿಡಿದ ಕೈ ಬೆವರಿರುತ್ತದೆ.

ಒಂದು ಸಲ ತುಮಕೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗ ಪಕ್ಕದಲ್ಲಿ ಕೂತು ನೋಡುತ್ತಿದ್ದ. ಸುಮಾರು ಹೊತ್ತಾದ ಮೇಲೆ ಕೇಳಿದ, ‘ಅಣ್ಣಾ, ಇದ್ರಲ್ಲಿ ದೆವ್ವ ಯಾವಾಗ ಬರುತ್ತೆ?’ ಅಷ್ಟರಲ್ಲಿ ಗೇಮ್‌ನಲ್ಲಿ ಯಾರೋ ಬಾಗಿಲು ಬಡಿದರು. ಅವನು ಕಾಲು ಮೇಲೆ ಎತ್ತಿ ಕೂತ. ‘ತೆಗೀಬೇಡ, ನಾಳೆ ಬಾ ಅಂತ ಬರಿ’ ಅಂದ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬೀದಿ ಬೀದಿಯ ಬಾಗಿಲ ಮೇಲೆ ಆ ಎರಡು ಪದ ಇತ್ತಲ್ಲ, ಅದು. ಆಗ ಅವನು ಹುಟ್ಟೇ ಇರಲಿಲ್ಲ, ಆದರೂ ಗೊತ್ತು ನೋಡಿ.

ಇಷ್ಟು ವರ್ಷ ಆದ ಮೇಲೂ ಇದು ಯಾಕೆ ಹಳಸಿಲ್ಲ ಅಂದರೆ, ಇಲ್ಲಿ ಭಯ ಚಿತ್ರದಲ್ಲಿಲ್ಲ, ಲೆಕ್ಕದಲ್ಲಿದೆ. ಪೆಟ್ರೋಲ್ ಎಷ್ಟಿದೆ, ಎಷ್ಟು ಹೊತ್ತು ಬರುತ್ತೆ, ಯಾವ ಕಿಟಕಿಗೆ ಹಲಗೆ ಸಾಲಲಿಲ್ಲ. ದೆವ್ವದ ಮುಖ ಅಭ್ಯಾಸ ಆಗಬಹುದು, ಕಮ್ಮಿ ಬಿದ್ದ ಪೆಟ್ರೋಲ್ ಅಭ್ಯಾಸ ಆಗುವುದಿಲ್ಲ. ರಾತ್ರಿ ಕಳೆದರೆ ಬೆಳಿಗ್ಗೆ ವ್ಯಾಪಾರಿಯೊಬ್ಬ ಬರುತ್ತಾನೆ, ಬದುಕುಳಿದದ್ದಕ್ಕೆ ಅವನ ಹತ್ತಿರ ನಿಮ್ಮ ಮರ್ಯಾದೆ ಸ್ವಲ್ಪ ಬೆಳೆಯುತ್ತದೆ, ಸಾಮಾನು ಕೊಳ್ಳಲು ಅದೇ ದುಡ್ಡು. ಆ ಬೆಳಕು ನೋಡಿದಾಗ ಆಗುವ ನೆಮ್ಮದಿ ಬೇರೆ ಗೇಮ್‌ಗಳಲ್ಲಿ ನನಗೆ ಸಿಕ್ಕಿಲ್ಲ.

ಬೈಯುವುದಕ್ಕೂ ಇದೆ. ಹೊಡೆದಾಟ ಮಂದ. ಕೊಡಲಿ ಎತ್ತಿ ಬೀಸುವಷ್ಟರಲ್ಲಿ ನಾಯಿ ಎರಡು ಸಲ ಕಚ್ಚಿರುತ್ತದೆ. ನಕ್ಷೆ ಇದೆ, ಆದರೆ ನೀವು ಅದರಲ್ಲಿ ಎಲ್ಲಿದ್ದೀರಿ ಅಂತ ಅದು ಸದಾ ಹೇಳುವುದಿಲ್ಲ. ಎರಡನೇ ಭಾಗದ ಜೌಗು ನೆಲ ಮೊದಲ ಕಾಡಿನಷ್ಟು ಹಿಡಿಸಲಿಲ್ಲ, ಸುಮ್ನೆ ಎಳೆದ ಹಾಗೆ ಇದೆ. ಸತ್ತರೆ ಒಂದಷ್ಟು ಸಾಮಾನು ಸತ್ತ ಜಾಗದಲ್ಲೇ ಬಿದ್ದಿರುತ್ತದೆ, ಹೋಗಿ ತರಬೇಕು. ಅದೂ ನಾರ್ಮಲ್ ಮಟ್ಟದಲ್ಲಿ. ನೈಟ್‌ಮೇರ್ ಎಂಬ ಕಠಿಣ ಮಟ್ಟದಲ್ಲಿ ಒಂದೇ ಜೀವ. ಅದನ್ನು ಆಡುವವರಿಗೆ ನನ್ನ ನಮಸ್ಕಾರ.

ಈ ತಂಡದ ಬಗ್ಗೆ ಇನ್ನೊಂದು ವಿಷಯ ಹೇಳಲೇಬೇಕು. ಗೇಮ್ ಬಂದ ವಾರಗಳಲ್ಲೇ ಅವರೇ ತಮ್ಮ ಗೇಮನ್ನು ಪೈರೇಟ್ ಬೇ ಎಂಬ ಪುಕ್ಕಟೆ ಡೌನ್‌ಲೋಡ್ (ಟೊರೆಂಟ್) ಸೈಟ್‌ಗೆ ಹಾಕಿದರು. ದುಡ್ಡಿಲ್ಲದವರು ಇಲ್ಲಿಂದ ತೆಗೆದುಕೊಳ್ಳಿ, ಆದರೆ ಕೀ, ಅಂದರೆ ಗೇಮ್ ತೆರೆಯುವ ಕೋಡ್, ಮಾರುವ ಮಧ್ಯವರ್ತಿ ಸೈಟ್‌ಗಳಿಂದ ಮಾತ್ರ ಕೊಳ್ಳಬೇಡಿ ಅಂದರು. ನಮ್ಮಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತ ಅಂಥ ಕಡೆ ಕೀ ಕೊಳ್ಳುವವರು ಜಾಸ್ತಿ. ಆ ದುಡ್ಡು ಗೇಮ್ ಮಾಡಿದವರಿಗೆ ತಲುಪುತ್ತದೆ ಅಂತ ಯಾವ ಖಾತ್ರಿಯೂ ಇಲ್ಲ.

ಸಿಗ್ನಾಲಿಸ್ ಇದಕ್ಕೆ ಪೂರ್ತಿ ವಿರುದ್ಧ ಜಾತಿಯದ್ದು. 2022ರ ಅಕ್ಟೋಬರ್‌ನಲ್ಲಿ ಬಂದದ್ದು, ಜರ್ಮನಿಯ ಇಬ್ಬರೇ ಸೇರಿ ವರ್ಷಾನುಗಟ್ಟಲೆ ಕೂತು ಮಾಡಿದ್ದು. ಎಲ್ಸ್ಟರ್ ಎಂಬ ಯಂತ್ರಮಾನವಿ, ಮಂಜು ಮುಚ್ಚಿದ ಗ್ರಹ, ಕಾಣೆಯಾದ ಒಬ್ಬಳ ಹುಡುಕಾಟ. ನೋಡಲು ಬಲು ಚೆಂದ. ಆದರೆ ಕೈಯಲ್ಲಿ ಇಟ್ಟುಕೊಳ್ಳಬಹುದಾದ ವಸ್ತು ಆರೇ ಆರು. ಪಿಸ್ತೂಲು ಒಂದು, ಗುಂಡು ಒಂದು, ಔಷಧಿ ಒಂದು. ಉಳಿದ ಮೂರರಲ್ಲಿ ಕೀ, ಒಗಟಿನ ಸಾಮಾನು, ದಾರಿಯಲ್ಲಿ ಸಿಕ್ಕಿದ್ದು. ಬಿದ್ದ ಶತ್ರುಗಳು ಆಮೇಲೆ ಮತ್ತೆ ಎದ್ದು ಬರುತ್ತಾರೆ. ಏಳಬಾರದು ಅಂದರೆ ಥರ್ಮೈಟ್ ಹಾಕಿ ಸುಡಬೇಕು, ಅದಕ್ಕೂ ಒಂದು ಜಾಗ ಬೇಕು.

ಆಡಿದವರಲ್ಲಿ ದೊಡ್ಡ ಜಗಳವೇ ಈ ಆರು ಜಾಗದ ಬಗ್ಗೆ. ಸಾಮಾನು ಇಡುವ ಪೆಟ್ಟಿಗೆಗೂ ಬಾಗಿಲಿಗೂ ಓಡಾಡಿ ಕಾಲು ಸವೆಯಿತು ಅನ್ನುವವರು ಒಂದು ಕಡೆ. ಅದೇ ಗೇಮ್‌ನ ಜೀವಾಳ ಅನ್ನುವವರು ಇನ್ನೊಂದು ಕಡೆ. ಮೊದಲ ಸಲ ಆಡುವಾಗ ನಾನು ಎರಡನೇ ಗುಂಪು. ಒಂದು ಕೀ ಎತ್ತಿಕೊಳ್ಳಬೇಕಾದರೆ ಗುಂಡು ಬಿಟ್ಟು ಹೋಗಬೇಕು, ಆ ತೀರ್ಮಾನದಲ್ಲೇ ಹೆದರಿಕೆ ಇದೆ. ಎರಡನೇ ಸಲ ಆಡುವಾಗ ಸೀದಾ ಮೊದಲ ಗುಂಪಿಗೆ ಸೇರಿದೆ. ಎಲ್ಲಿ ಏನಿದೆ ಅಂತ ಗೊತ್ತಾದ ಮೇಲೆ ಅದು ಬರೀ ನಡಿಗೆ. ನೀವು ಆಡುವ ರೀತಿ ನೋಡಿಕೊಂಡು ಕೊನೆ ಬದಲಾಗುತ್ತದೆ, ಅದಕ್ಕೇ ಎರಡನೇ ಸಲ ಶುರು ಮಾಡಿದ್ದು. ಕಥೆಗಾಗಿ ಒಂದು ಸಲ ಖಂಡಿತ ಆಡಿ. ಎರಡನೇ ಸಲ ನಿಮ್ಮ ತಾಳ್ಮೆಗೆ ಬಿಟ್ಟದ್ದು.

ಟಾರ್ಮೆಂಟೆಡ್ ಸೋಲ್ಸ್ ಚಿಲಿ ದೇಶದ ಡ್ಯುಯಲ್ ಎಫೆಕ್ಟ್ ತಂಡದ್ದು, 2021. ಹಳೇ ಕಾಲದ ಹಾಗೆ ಕ್ಯಾಮೆರಾ ಒಂದೇ ಕಡೆ ನಿಂತಿರುತ್ತದೆ. ಇಲ್ಲಿ ಕತ್ತಲೆಯೇ ಕೊಲ್ಲುತ್ತದೆ, ಮಾತಿಗೆ ಹೇಳುತ್ತಿಲ್ಲ, ಬೆಳಕಿಲ್ಲದ ಜಾಗದಲ್ಲಿ ನಿಂತರೆ ನಿಜವಾಗಲೂ ಸಾಯುತ್ತೀರಿ. ಕೈಯಲ್ಲಿ ಲೈಟರ್ ಇದ್ದರೆ ಆಯುಧ ಹಿಡಿಯುವ ಹಾಗಿಲ್ಲ. ಎಷ್ಟು ಸರಳ ಉಪಾಯ, ಆದರೆ ಕತ್ತಲೆ ಕೋಣೆಯಲ್ಲಿ ಗಾಲಿಕುರ್ಚಿಯ ಸದ್ದು ಹತ್ತಿರ ಬರುವಾಗ ಲೈಟರ್ ಇಡಲೋ ಬೇಡವೋ ಅಂತ ಒದ್ದಾಡುವುದು ಇದೆಯಲ್ಲ, ಅದಕ್ಕೇ ಕೊಟ್ಟ ದುಡ್ಡು ಸಾರ್ಥಕ. ಮಾತು, ಅಭಿನಯ ಎರಡೂ ಕಳಪೆ. ಕೆಲವು ಒಗಟು ಬಿಡಿಸಲು ಆಗದೆ ಯೂಟ್ಯೂಬ್ ಮೊರೆ ಹೋಗಬೇಕಾಗುತ್ತದೆ.

ಬೆಂಗಳೂರಿನಲ್ಲಿರುವವರಿಗೆ ಇಲ್ಲೊಂದು ಎಚ್ಚರಿಕೆ. ಈ ಗೇಮ್‌ನಲ್ಲಿ ಸೇವ್ ಮಾಡಲು ಟೇಪ್ ಸುರುಳಿ ಬೇಕು, ಅದು ಎಣಿಸಿದಷ್ಟೇ ಸಿಗುತ್ತದೆ. ಜಿಪುಣತನ ಮಾಡಿಕೊಂಡು ಸೇವ್ ಮುಂದೂಡುತ್ತೇವೆ. ಅಷ್ಟರಲ್ಲಿ ಮೇ ತಿಂಗಳ ಸಂಜೆ ಮಳೆಗೆ ಎಲ್ಲೋ ಕೊಂಬೆ ಬಿದ್ದು ಕರೆಂಟ್ ಹೋದರೆ ಇಡೀ ಸಂಜೆಯ ಆಟ ನೀರುಪಾಲು. ಸಿಗ್ನಾಲಿಸ್‌ನಲ್ಲೂ ಸೇವ್ ಕೋಣೆಗೆ ಹೋಗಿಯೇ ಸೇವ್ ಮಾಡಬೇಕು. ಲ್ಯಾಪ್‌ಟಾಪ್ ಇದ್ದವರು ಬಚಾವ್. ಡೆಸ್ಕ್‌ಟಾಪ್‌ನವರು ಯುಪಿಎಸ್ ಇಲ್ಲದೆ ಇವನ್ನು ಮಳೆಗಾಲದಲ್ಲಿ ಮುಟ್ಟಬೇಡಿ.

ಭಯ ಸ್ವಲ್ಪ ಕಮ್ಮಿ ಇರಲಿ ಅನ್ನುವವರಿಗೆ ಕ್ರೋ ಕಂಟ್ರಿ. 2024ರಲ್ಲಿ ಬಂತು. ಮುಚ್ಚಿಹೋದ ಒಂದು ಅಮ್ಯೂಸ್‌ಮೆಂಟ್ ಪಾರ್ಕ್, ಮೊದಲ ಪ್ಲೇಸ್ಟೇಷನ್ ಕಾಲದ ಹಾಗೆ ಕಾಣುವ ಗೊಂಬೆ ಮುಖಗಳು. ಶತ್ರುಗಳೇ ಇಲ್ಲದೆ ಬರೀ ಒಗಟು ಬಿಡಿಸುತ್ತಾ ಹೋಗುವ ಮೋಡ್ ಕೂಡ ಇದೆ. ಹಾರರ್ ಅಂದರೆ ಎದ್ದು ಹೋಗುವ ನನ್ನ ತಂಗಿ ಅದನ್ನು ಕೂತು ಮುಗಿಸಿದಳು. ನನಗೆ ಮುಗಿದ ಮೇಲೆ ಮತ್ತೆ ತೆಗೆಯಬೇಕು ಅನ್ನಿಸಲಿಲ್ಲ.

ತೈವಾನ್‌ನ ಡಿಟೆನ್ಷನ್ ಮಾತ್ರ ಬೇರೆ ಕಾರಣಕ್ಕೆ ತಲೆಯಲ್ಲಿ ಉಳಿದಿದೆ. ರೆಡ್ ಕ್ಯಾಂಡಲ್ ಗೇಮ್ಸ್, 2017. ಅಲ್ಲಿ ಮಿಲಿಟರಿ ಆಡಳಿತ ಇದ್ದ 1960ರ ದಶಕದ ಒಂದು ಶಾಲೆ. ದೆವ್ವ ಎದುರಾದರೆ ಹೊಡೆಯಲು ಏನೂ ಇಲ್ಲ. ಉಸಿರು ಬಿಗಿ ಹಿಡಿದು ಪಕ್ಕದಲ್ಲೇ ದಾಟಬೇಕು, ಇಲ್ಲವೇ ಅನ್ನದ ಬಟ್ಟಲು ನೆಲಕ್ಕಿಟ್ಟು ಅದು ಆ ಕಡೆ ತಿರುಗಿದಾಗ ಜಾರಿಕೊಳ್ಳಬೇಕು. ಪಿತೃಪಕ್ಷದಲ್ಲಿ ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ಹೊರಗೆ ಕಾಯುವ ಮನೆಯಲ್ಲಿ ಬೆಳೆದವನಿಗೆ ಇದು ವಿಚಿತ್ರವಾಗಿ ಕಾಣಲೇ ಇಲ್ಲ. ಮೂರು ನಾಲ್ಕು ಗಂಟೆಯ ಆಟ. ದ್ವಿತೀಯಾರ್ಧದಲ್ಲಿ ದೆವ್ವಗಳು ಹಿಂದೆ ಸರಿದು, ಸರ್ಕಾರಕ್ಕೆ ಚಾಡಿ ಹೇಳಿದವರ ಕಥೆ ಮುಂದೆ ಬರುತ್ತದೆ. ಭಯ ಕಮ್ಮಿ ಆಯ್ತು ಅಂತ ಕೆಲವರು ದೂರುತ್ತಾರೆ. ನನಗೆ ಅಲ್ಲೇ ಜಾಸ್ತಿ ಆಯ್ತು.

ಆ್ಯಕ್ಷನ್ ಬೇಕು ಅಂದರೆ ಡಸ್ಕ್. 2018. ಡೇವಿಡ್ ಶಿಮಾನ್ಸ್ಕಿ ಹೆಚ್ಚುಕಡಿಮೆ ಒಬ್ಬರೇ ಮಾಡಿದ್ದು, ಸಂಗೀತ ಆಂಡ್ರ್ಯೂ ಹುಲ್‌ಷಲ್ಟ್ ಅವರದ್ದು. ಆಫೀಸ್ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡು ಮನೆಗೆ ಬಂದ ದಿನ ಅರ್ಧ ಗಂಟೆ ಇದನ್ನು ಆಡಿದರೆ ತಲೆ ಹಗುರ. ಮೂಲೆಗಳಲ್ಲಿ ಅಡಗಿಸಿಟ್ಟ ಸೋಪ್ ಸಿಕ್ಕಿದರೆ ಅದನ್ನು ಎಸೆದು ಎಂಥ ರಾಕ್ಷಸನನ್ನೂ ಒಂದೇ ಏಟಿಗೆ ಮುಗಿಸಬಹುದು. ಹೌದು, ಮೈಗೆ ಹಚ್ಚುವ ಸೋಪೇ. ಅಲ್ಟ್ರಾಕಿಲ್ ಇನ್ನೂ ವೇಗ. ಶತ್ರುವಿನ ರಕ್ತ ಮೈಮೇಲೆ ಬಿದ್ದರೆ ಮಾತ್ರ ಜೀವ ತುಂಬುತ್ತದೆ, ಹಾಗಾಗಿ ಹೆದರಿ ಹಿಂದೆ ಸರಿದರೆ ಸತ್ತಿರಿ, ಮುಂದೆ ನುಗ್ಗಿದರೆ ಬದುಕಿದಿರಿ. 2020ರಲ್ಲಿ ಅರ್ಲಿ ಆಕ್ಸೆಸ್ ಆಗಿ, ಅಂದರೆ ಪೂರ್ತಿ ಆಗುವ ಮುಂಚೆಯೇ ಮಾರಾಟಕ್ಕೆ, ಬಂತು, ವರ್ಷಗಳಿಂದ ಹೊಸ ಹಂತಗಳು ಸೇರುತ್ತಾ ಬಂದಿವೆ. ಅರ್ಧ ಬೆಂದ ಗೇಮ್‌ಗೆ ದುಡ್ಡು ಕೊಡಬಾರದು ಅನ್ನುವವನು ನಾನು, ಇದೊಂದಕ್ಕೆ ವಿನಾಯಿತಿ.

ಹಾರರ್ ಅಲ್ಲದಿದ್ದರೂ, ನಮ್ಮ ದೇಶದ್ದು ಅಂತ ‘ರಾಜಿ’ ಎಂಬ ಗೇಮ್ ಕೊಂಡೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್, 2020. ಕೋಟೆ, ಜಾಲಿ ಕಿಟಕಿ, ತೊಗಲುಗೊಂಬೆಯ ಹಾಗೆ ತೋರಿಸುವ ಕಥೆ, ಎಲ್ಲ ಕಣ್ಣಿಗೆ ಹಬ್ಬ. ಹೊಡೆದಾಟ ಮಾತ್ರ ಬಿಗಿ ಇಲ್ಲ, ಒತ್ತಿದ್ದು ಒಂದು ಆಗುವುದು ಇನ್ನೊಂದು. ಕಥೆ ಕೊನೆಯಲ್ಲಿ ದಿಢೀರ್ ಅಂತ ಕಡಿದ ಹಾಗೆ ನಿಲ್ಲುತ್ತದೆ. ನಮ್ಮದು ಅಂತ ಐದಕ್ಕೆ ಐದು ಕೊಟ್ಟವರ ವಿಮರ್ಶೆ ನಂಬಬೇಡಿ. ಸೇಲ್‌ನಲ್ಲಿ ಕೊಂಡು, ನೋಡಿ ಖುಷಿಪಡಿ.

ವಿಮರ್ಶೆ ಅಂದಾಗ ನೆನಪಾಯಿತು. ಸ್ಟೀಮ್‌ನಲ್ಲಿ ಪ್ರತಿ ವಿಮರ್ಶೆಯ ಮೇಲೂ ಬರೆದವರು ಎಷ್ಟು ಗಂಟೆ ಆಡಿದ್ದಾರೆ ಅಂತ ಇರುತ್ತದೆ. ನಾನು ಮೊದಲು ಓದುವುದು ತುಂಬಾ ಹೊತ್ತು ಆಡಿಯೂ ಹೆಬ್ಬೆರಳು ಕೆಳಗೆ ಮಾಡಿದವರದ್ದನ್ನು. ಗೇಮ್ ಎಲ್ಲಿ ಸೊರಗುತ್ತದೆ ಅಂತ ಅವರಿಗೇ ಗೊತ್ತು. ಡಾರ್ಕ್‌ವುಡ್‌ನ ಜೌಗು ನೆಲದ ಬಗ್ಗೆ ಅಂಥವರೇ ಮೊದಲೇ ಹೇಳಿದ್ದರು.

ರಿಫಂಡ್ ವಿಷಯವೂ ಇದೆ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಗೇಮ್ ನಿಮ್ಮ ಮಿಷಿನ್‌ನಲ್ಲಿ ಓಡದಿದ್ದರೆ ಖಂಡಿತ ಬಳಸಿ. ಆದರೆ ಪುಟ್ಟ ಹಾರರ್ ಗೇಮ್‌ಗಳು ಎರಡು ಗಂಟೆಯೊಳಗೇ ಮುಗಿಯುತ್ತವೆ. ಶಿಮಾನ್ಸ್ಕಿಯವರದ್ದೇ ಐರನ್ ಲಂಗ್ ಒಂದು ಗಂಟೆ ಚಿಲ್ಲರೆ. ರಕ್ತದ ಸಮುದ್ರದಲ್ಲಿ ಕಿಟಕಿಯೇ ಇಲ್ಲದ ಜಲಾಂತರ್ಗಾಮಿ ಓಡಿಸಬೇಕು, ಹೊರಗೆ ಏನಿದೆ ಅಂತ ಮಸುಕು ಫೋಟೋ ತೆಗೆದೇ ನೋಡಬೇಕು. ಅದು ಅಷ್ಟೇ ಉದ್ದ ಇರಬೇಕಾದ ಆಟ. ಮುಗಿಸಿ ದುಡ್ಡು ವಾಪಸ್ ಕೇಳುವವರೂ ಇದ್ದಾರೆ. 2021ರಲ್ಲಿ ಸಮ್ಮರ್ ಆಫ್ ’58 ಎಂಬ ಹಾರರ್ ಗೇಮ್ ಮಾಡಿದ ಎಮಿಕಾ ಗೇಮ್ಸ್, ಜನ ಮೆಚ್ಚಿಕೊಂಡೇ ಮುಗಿಸಿ ರಿಫಂಡ್ ತೆಗೆದುಕೊಳ್ಳುತ್ತಿದ್ದಾರೆ ಅಂತ ಬೇಸತ್ತು, ಅನಿರ್ದಿಷ್ಟ ಕಾಲಕ್ಕೆ ಗೇಮ್ ಮಾಡುವುದನ್ನೇ ನಿಲ್ಲಿಸುತ್ತೇವೆ ಅಂತ ಹೇಳಬೇಕಾಯಿತು. ಊಟ ಮಾಡಿ ಬಿಲ್ ಕೊಡದೆ ಎದ್ದು ಹೋದರೆ ಹೋಟೆಲ್‌ನವರು ಬಿಡುತ್ತಾರಾ?

ಬೆಲೆ ರೂಪಾಯಿಯಲ್ಲೇ ಇದೆ, ಯುಪಿಐನಲ್ಲೂ ಕೊಡಬಹುದು. ಅವಸರ ಬೇಡ, ಸೇಲ್‌ಗಳಲ್ಲಿ ಇವು ಅರ್ಧ ಬೆಲೆಗೋ ಇನ್ನೂ ಕಮ್ಮಿಗೋ ಬರುತ್ತವೆ. ಒಂದೇ ಕೊಳ್ಳುವುದಾದರೆ ಡಾರ್ಕ್‌ವುಡ್. ಮೇಲಿಂದ ನೋಡುವ ಆಟ ಆಗುವುದೇ ಇಲ್ಲ ಅನ್ನುವವರಿಗೆ ಟಾರ್ಮೆಂಟೆಡ್ ಸೋಲ್ಸ್. ಅದರ ಎರಡನೇ ಭಾಗ 2025ರ ಅಕ್ಟೋಬರ್‌ನಲ್ಲಿ ಬಂದಿದೆ, ನನ್ನ ವಿಶ್‌ಲಿಸ್ಟ್‌ನಲ್ಲಿದೆ. ಮೊದಲು ಯುಪಿಎಸ್ ಬ್ಯಾಟರಿ ಬದಲಾಯಿಸಬೇಕು.